ಜ್ವರ ಬಿಟ್ಟ ದಿನದ ಬಿಸಿನೀರು

ಮಧ್ಯಾಹ್ನದ ಹೊತ್ತು ಯಾರ ಮನೆಯ ಬಚ್ಚಲಿನಿಂದಲಾದರೂ ಹೊಗೆ ಏಳುತ್ತಿದ್ದರೆ ಇವತ್ತಿಗೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಬೆಳಗಿನ ಹೊಗೆಗೆ ಹಾಗಾಗುವುದಿಲ್ಲ; ಬೆಳಗ್ಗೆ ಎಲ್ಲರೂ ನೀರು ಕಾಯಿಸುತ್ತಾರೆ. ಬಿಸಿಲು ನೆತ್ತಿಗೇರಿದ ಮೇಲೂ ಹಂಡೆಗೆ ಉರಿ ಹಾಕಿದ್ದಾರೆಂದರೆ ಆ ಮನೆಯಲ್ಲಿ ಬಾಣಂತಿ ಇರಬೇಕು, ಇಲ್ಲವೇ ಮಣ್ಣಿಗೆ ಹೋಗಿ ಬಂದವರಿರಬೇಕು, ಅದೂ ಇಲ್ಲದಿದ್ದರೆ ಯಾರಿಗೋ ಜ್ವರ ಬಿಟ್ಟಿರಬೇಕು. ನನಗೆ ಹೆದರಿಕೆ ಆ ಕೊನೆಯದು.

ನಾನು ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವನು. ಮೊದಲು ತಿ. ನರಸೀಪುರ ತಾಲ್ಲೂಕು, ಆಮೇಲೆ ನಂಜನಗೂಡು, ನಿವೃತ್ತಿಯೂ ಅಲ್ಲೇ. ಹಳ್ಳಿಗಳಲ್ಲಿ ನನ್ನನ್ನು ಕರೆಯುತ್ತಿದ್ದದ್ದು ‘ಸೊಳ್ಳೆ ಸಾ’ ಎಂದು. ಈಚೆಗೆ ಇಲಾಖೆಗೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಡೆಂಗಿ ಕಾಲದಲ್ಲಿ ಹೇಗೆ ಕೆಲಸ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಮರಿಹುಳು ಹುಡುಕುವುದು, ರಕ್ತದ ಮಾದರಿ ಕಳಿಸುವುದು, ಇವನ್ನೆಲ್ಲ ಅವರಿಗೆ ತರಬೇತಿಯಲ್ಲಿ ನನಗಿಂತ ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ನಾನು ಹೇಳಬಹುದಾದದ್ದು ಮಂಜುಳಾ ಎಂಬ ಹೆಣ್ಣುಮಗಳ ಜೀವ ನಮ್ಮ ಕಣ್ಣೆದುರಿಗೆ ಜಾರುತ್ತಿದ್ದ ಒಂದು ಮಧ್ಯಾಹ್ನದ ಸಂಗತಿ. ಆದರೆ ಅಲ್ಲಿಗೆ ಹೋಗುವ ಮುಂಚೆ, ಆ ದಿನದವರೆಗೆ ನನಗೆ ಈ ಕೆಲಸ ಏನೆಂದು ಗೊತ್ತಿತ್ತು ಎಂಬುದನ್ನು ಹೇಳಬೇಕು.

ಬಿ.ಎಸ್ಸಿಯಲ್ಲಿ ನಾನು ಪ್ರಾಣಿಶಾಸ್ತ್ರ ಓದಿದ್ದೆ. ಸೊಳ್ಳೆಯ ಬಾಯಿ, ರೆಕ್ಕೆ, ಕಾಲಿನ ಬಿಳಿ ಪಟ್ಟೆ ಎಲ್ಲವನ್ನೂ ಮೈಕ್ರೋಸ್ಕೋಪಿನಡಿ ನೋಡಿ ಚಿತ್ರ ಬಿಡಿಸಿ ಅಂಕ ತೆಗೆದವನು. ಸೊಳ್ಳೆ ಗೊತ್ತಿದ್ದರೆ ಸೊಳ್ಳೆಯ ಕಾಯಿಲೆಯೂ ಗೊತ್ತಿದ್ದ ಹಾಗೆ ಎಂದುಕೊಂಡಿದ್ದೆ.

ಮುಡುಕುತೊರೆಯ ಕಡೆಯ ಒಂದು ಹಳ್ಳಿಗೆ ಚಿಕೂನ್‌ಗುನ್ಯಾ ಬಂದಾಗ ಅರ್ಧ ಊರು ಗೋಡೆ ಹಿಡಿದುಕೊಂಡು ನಡೆಯುತ್ತಿತ್ತು. ಹಸು ಕರೆಯುವವರಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಆಗ ನಮ್ಮ ಮೇಲೊಬ್ಬ ಅಧಿಕಾರಿ ಇದ್ದರು, ಹೊಗೆಯ ಮೇಲೆ ಅಪಾರ ನಂಬಿಕೆ. “ಹೊಗೆ ಹಾಕಿಸಿ ಕಣ್ರೀ. ನೀವು ಡ್ರಮ್ ಒಳಗೆ ಬಗ್ಗಿ ನೋಡಿದ್ರೆ ಯಾರಿಗೆ ಕಾಣುತ್ತೆ? ಜನಕ್ಕೆ ಸರ್ಕಾರ ಕಾಣಬೇಕು” ಎನ್ನುತ್ತಿದ್ದರು. ಜೀಪಿನ ಹಿಂದೆ ಫಾಗಿಂಗ್ ಯಂತ್ರ ಕಟ್ಟಿಕೊಂಡು, ಕಿವಿ ಕಿತ್ತುಹೋಗುವ ಸದ್ದು ಮಾಡಿಕೊಂಡು ಊರೊಳಗೆ ಹೋದೆವು. ಬೀದಿಯ ನಡುವೆ ಕೋಲೂರಿಕೊಂಡು ಒಬ್ಬ ಮನುಷ್ಯ ನಿಂತಿದ್ದ. ಹೆಸರು ನಂಜಪ್ಪ. ಮಂಡಿ ಊದಿ ಒನಕೆಯ ಹಾಗಾಗಿತ್ತು.

“ಸ್ವಲ್ಪ ಪಕ್ಕಕ್ಕೆ ಬನ್ನಿ ಯಜಮಾನ್ರೇ” ಎಂದೆ.

“ಮೇಲೆ ಅತ್ತುಸ್ಕಂಡು ಓಗಿ ಸಾ. ನಾನಂತೂ ಸರಿಯಕಿಲ್ಲ.”

“ನಿಮ್ಮ ಒಳ್ಳೇದಕ್ಕೇ ಬಂದಿರೋದು.”

“ನಿಮ್ಮ ಒಗೆಗೆ ಸೊಳ್ಳೆ ಸಾಯ್ತವೋ ಇಲ್ವೋ ಕಾಣೆ. ಮನೆ ತುಂಬ ರೇಸ್ಮೆ ಉಳ ಅವೆ ನೋಡಿ, ಅವು ಸಾಯದು ಗ್ಯಾರಂಟಿ. ಕಡೇ ಜರಕ್ಕೆ ಕುಂತವೆ. ನನ್ ಮಂಡಿ ಇವತ್ತಲ್ಲ ನಾಳೆ ನೆಟ್ಗಾಯ್ತದೆ. ಉಳ ಸತ್ರೆ ನೀವು ಉಟ್ಟುಸ್ಕೊಡ್ತೀರಾ?”

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ನಂಜಪ್ಪ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದ. ಕೆಲವು ಹುಳು ಆಗಲೇ ಎದ್ದು ತಲೆಯಾಡಿಸುತ್ತಿದ್ದವು. ಹಸಿದಿರಬೇಕು, ಸೊಪ್ಪು ಹಾಕುವುದಿಲ್ಲವೇ ಎಂದು ಕೇಳಿದೆ. “ಎಲ್ಲಾವೂ ಏಳ್ಬೇಕು ಸಾ. ಎದ್ದೇಟ್ಗೆ ಸೊಪ್ಪು ಆಕುದ್ರೆ ಕೆಟ್ಟೋಯ್ತವೆ” ಎಂದ. ಆ ಮಾತನ್ನು ನಾನು ಆಗ ಹುಳುವಿನ ವಿಷಯವೆಂದು ಮಾತ್ರ ಕೇಳಿಸಿಕೊಂಡೆ. ಯಂತ್ರ ನಿಲ್ಲಿಸಿದೆವು. ಆ ಊರಿನ ರೇಷ್ಮೆ ಮನೆಗಳ ಬೀದಿಯಲ್ಲಿ ಹೊಗೆಯ ಗೋಜು ಬಿಟ್ಟು ಬಾನಿಗಳಿಗೆ ಕೈ ಹಾಕಿದೆವು. ದನಕ್ಕೆ ನೀರಿಡುವ ಕಲ್ಲುಬಾನಿಯ ತುಂಬ ಮರಿಹುಳು ತಿಪ್ಪರಲಾಗ ಹಾಕುತ್ತಿದ್ದವು. ನೀರು ಚೆಲ್ಲಿದರೆ ಸಾಲದು, ಬಾನಿಯ ಒಳಮೈ ತಿಕ್ಕಬೇಕು, ಮೊಟ್ಟೆ ಅಲ್ಲಿ ಅಂಟಿಕೊಂಡಿರುತ್ತದೆ, ಒಣಗಿದರೂ ಸಾಯುವುದಿಲ್ಲ ಎಂದು ಮನೆಮನೆಯಲ್ಲಿ ತೆಂಗಿನ ನಾರು ಹಿಡಿದು ತಿಕ್ಕಿ ತೋರಿಸಿದೆವು. ಕಂಡದ್ದು ಸರ್ಕಾರವೋ ಅಲ್ಲವೋ ತಿಳಿಯದು, ನನ್ನ ಬೆನ್ನಂತೂ ಊರಿಗೆಲ್ಲ ಕಂಡಿತು.

ಆಮೇಲೆ ಮೀನು ಬಂತು. ಮರಿಹುಳು ತಿನ್ನುವ ಗಪ್ಪಿ ಮೀನನ್ನು ತೊಟ್ಟಿಗಳಿಗೆ ಬಿಡಿ ಎಂದು ಆದೇಶ. ಪ್ಲಾಸ್ಟಿಕ್ ಕೊಡದಲ್ಲಿ ಮೀನು ತುಂಬಿಕೊಂಡು ನಾನು ಮೊದಲು ಹೋದದ್ದು ಲಿಂಗಾಯತರ ಬೀದಿಗೆ. ಅಲ್ಲಿನ ಹಿರಿಯರೊಬ್ಬರು ಕೊಡದೊಳಗೆ ಇಣುಕಿ, “ನಮ್ ಸಿವಪೂಜೆ ನೀರ್ಗೆ ಮೀನ್ ಬುಡಕ್ಕೆ ಬಂದಿದೀರಲ್ಲ, ನಿಮ್ಗೆ ಯಾರ್ರೀ ಕೆಲ್ಸ ಕೊಟ್ಟೋರು?” ಎಂದರು. ಬೀದಿಯೆಲ್ಲ ನಕ್ಕಿತು. ಕೊನೆಗೆ, ಪೂಜೆಯ ನೀರಿಗೆ ಮುಚ್ಚಳವಿರುವ ಬೇರೆ ಕೊಡ, ಮೀನು ದನದ ತೊಟ್ಟಿಗೆ ಮಾತ್ರ ಎಂದು ರಾಜಿಯಾಯಿತು. ಕೆಲವು ತಿಂಗಳಾದ ಮೇಲೆ ಅದೇ ಹಿರಿಯರು ಸಂತೆಯಲ್ಲಿ ಸಿಕ್ಕಿ ತಡೆದು ನಿಲ್ಲಿಸಿದರು. “ಏನ್ರೀ, ನಿಮ್ ಮೀನು ಮರಿ ಆಕವೆ. ಈಗ ಬಾಣಂತನ ನಾನ್ ಮಾಡಾದಾ, ನೀವ್ ಮಾಡ್ತೀರಾ?”

ಹೀಗೆ ಬೈಸಿಕೊಂಡು, ನಗಿಸಿಕೊಂಡು ಸೊಳ್ಳೆಯ ಕೆಲಸ ಕಲಿತೆ. ಕಾಯಿಲೆಯವರ ಕಡೆ ನಾನು ಅಷ್ಟಾಗಿ ನೋಡಿರಲಿಲ್ಲ. ಅದು ಡಾಕ್ಟರರ ಕೆಲಸ ಎಂದುಕೊಂಡಿದ್ದೆ.

ನಂಜನಗೂಡಿಗೆ ವರ್ಗವಾಗಿ ಹಲವು ವರ್ಷಗಳಾದ ಮೇಲೆ, ಹದಿನಾರು ಎಂಬ ಊರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯಲ್ಲಿ ಡೆಂಗಿ ಹಬ್ಬಿತು. ಅಲ್ಲಿ ನಲ್ಲಿಯಲ್ಲಿ ದಿನವೂ ನೀರು ಬರುತ್ತಿರಲಿಲ್ಲ. ಬಂದ ದಿನ ಡ್ರಮ್ಮು, ಬಕೆಟ್ಟು, ಹಂಡೆ, ಕೊನೆಗೆ ಪಾತ್ರೆ ಪಡಗಕ್ಕೂ ತುಂಬಿಸಿಡಬೇಕು. ಆ ನೀರನ್ನು ಚೆಲ್ಲಿ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹಳೆ ಸೀರೆಯ ತುಂಡು ಕಟ್ಟಿ ಡ್ರಮ್ಮಿನ ಬಾಯಿ ಮುಚ್ಚಿಸುತ್ತಾ ನಾನೂ ಆ ಊರಿನ ಆಶಾ ಕಾರ್ಯಕರ್ತೆ ನಾಗರತ್ನಳೂ ಮನೆಮನೆ ತಿರುಗುತ್ತಿದ್ದೆವು. ಆ ಭಾಗದ ಆರೋಗ್ಯ ಕೇಂದ್ರಕ್ಕೆ ಆಗತಾನೇ ಒಬ್ಬರು ಯುವ ಡಾಕ್ಟರಮ್ಮ ಬಂದಿದ್ದರು. ಮಾತು ಕಡಿಮೆ. ಮೊದಲ ಸಭೆಯಲ್ಲೇ ನಮಗೆಲ್ಲ ಹೇಳಿದ್ದರು: “ಜ್ವರ ಏರಿದಾಗ ನೀವು ಹೇಳದಿದ್ರೂ ಜನ ಓಡಿಬರ್ತಾರೆ. ಇಳಿದ ದಿನ ಬರಲ್ಲ. ಡೆಂಗಿ ಕೈಕೊಡೋದು ಆವತ್ತು. ಜ್ವರ ಇಳಿದೋರ ಪಾದ ಮುಟ್ಟಿ ನೋಡಿ, ತಣ್ಣಗಿದ್ರೆ ನನಗೆ ಫೋನ್ ಮಾಡಿ.” ನಾವು ತಲೆಯಾಡಿಸಿದೆವು. ನಮ್ಮ ಕರಪತ್ರದಲ್ಲಿ ಜ್ವರ ಬಂದರೆ ಏನು ಮಾಡಬೇಕೆಂದು ದಪ್ಪಕ್ಷರದಲ್ಲಿತ್ತು. ಬಿಟ್ಟರೆ ಏನು ಮಾಡಬೇಕೆಂದು ಒಂದಕ್ಷರವೂ ಇರಲಿಲ್ಲ.

ಆ ಸೋಮವಾರ ಜೀಪಿನಲ್ಲಿ ಫಾಗಿಂಗ್ ಯಂತ್ರವೂ ಬಂದಿತ್ತು. ಹೊಗೆ ಕೇಳುವ ಅಧಿಕಾರಿಗಳಿಗೆ ಯಾವ ತಾಲ್ಲೂಕಿನಲ್ಲೂ ಕೊರತೆಯಿಲ್ಲ. ಅದನ್ನು ಸಂಜೆಗೆಂದು ಊರಬಾಗಿಲಲ್ಲಿ ನಿಲ್ಲಿಸಿ ನಾವಿಬ್ಬರೂ ಒಳಬೀದಿಗೆ ಹೋದೆವು. ದೊಡ್ಡತಾಯಮ್ಮನ ಮನೆಯ ಬಚ್ಚಲ ಮಾಡಿನಿಂದ ಹೊಗೆ ದಟ್ಟವಾಗಿ ಏಳುತ್ತಿತ್ತು. ಹಿಪ್ಪುನೇರಳೆ ಕಡ್ಡಿಯ ಹೊಗೆ. ಆ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಅವರ ಸೊಸೆಯೇ ಮಂಜುಳಾ. ಡೆಂಗಿ ಎಂದು ರಕ್ತಪರೀಕ್ಷೆಯಲ್ಲಿ ಬಂದಿತ್ತು, ಭಾನುವಾರದವರೆಗೆ ದಿನವೂ ಬಂದು ತೋರಿಸಿಕೊಂಡು ಹೋಗುತ್ತಿದ್ದಳು. ಆ ಬೆಳಗ್ಗೆ ಬಂದಿರಲಿಲ್ಲ.

ದೊಡ್ಡತಾಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಮುಖದ ತುಂಬ ನಗು.

“ಬನ್ನಿ ಸಾ, ಕುಂತ್ಕಳಿ. ನಿಮ್ ಡಂಗಿ ಓಯ್ತು!”

“ಏನಮ್ಮ ಹಾಗಂದ್ರೆ?”

“ಜರ ಬುಟ್ಬುಡ್ತು ಸಾ. ಬೆಳಿಗ್ಗೆಯಿಂದ ಮೈ ಮುಟ್ಟುದ್ರೆ ತಣ್ಗೆ ನೀರ್ನಂಗದೆ. ಅದ್ಕೇ ಲಕ್ಕಿ ಸೊಪ್ಪು ಆಕಿ ತಲೆಗೆ ನೀರು ಉಯ್ದೆ. ಸೀರೆ ಸುತ್ಕತಾವ್ಳೆ. ಮೆಣ್ಸಿನ ಸಾರು ಮಾಡಿವ್ನಿ, ಉಂಡು ಮಲಗುದ್ರೆ ನಾಳೆ ಎದ್ದು ಓಡಾಡ್ತಾಳೆ.”

ಜ್ವರ ಬಿಟ್ಟ ದಿನ ತಲೆಗೆ ನೀರು ಹಾಕುವುದು ನಮ್ಮ ಮನೆಯಲ್ಲೂ ಇದ್ದ ಪದ್ಧತಿ. ನನ್ನ ತಾಯಿ ಹಾಕಿದ ಅಂಥ ಸ್ನಾನಗಳ ಸುಖ ನನ್ನ ಮೈಗೆ ನೆನಪಿದೆ. ಕಾಯಿಲೆ ಮುಗಿಯಿತು ಎಂದು ಮನೆಯವರೆಲ್ಲ ಒಪ್ಪಿಕೊಳ್ಳುವ ಕ್ಷಣ ಅದು. ಆದರೆ ‘ತಣ್ಗೆ ನೀರ್ನಂಗದೆ’ ಎಂಬ ಮಾತು ಎಲ್ಲೋ ಚುಚ್ಚಿತು.

“ಏನಾದ್ರೂ ತಿಂದಳಾ?” ಎಂದೆ.

“ಎಲ್ಲಿ ಸಾ, ಗಂಜಿ ಕುಡುದ್ಳು, ವಾಂತಿ ಮಾಡ್ಕಂಡ್ಳು. ಪಿತ್ತ ಈಚ್ಗೆ ಬತ್ತಾ ಅದೆ, ಒಳ್ಳೇದೇಯ.”

“ಹೊಟ್ಟೆ ನೋವು ಅಂದಳಾ?” ನಾಗರತ್ನ ಕೇಳಿದಳು.

“ಅಂತಾಳೆ. ಅಸ್ಟ್ ದಿನ ಉಣ್ಣದೆ ಇದ್ರೆ ಒಟ್ಟೆ ನೋಯದೇ ಇದ್ದದಾ?”

ಪ್ರತಿಯೊಂದು ಅಪಾಯದ ಗುರುತಿಗೂ ಆ ತಾಯಿಯ ಬಳಿ ಸಮಾಧಾನದ ಉತ್ತರವಿತ್ತು. ಅಷ್ಟರಲ್ಲಿ ಬಚ್ಚಲಿನಲ್ಲಿ ಚೊಂಬು ಬಿದ್ದು ಉರುಳಿದ ಸದ್ದು. ಆಮೇಲೆ ಏನೂ ಸದ್ದಿಲ್ಲ.

ನಾಗರತ್ನ ಒಳಗೆ ಓಡಿದಳು. ನಾನು ಗಂಡಸು, ಬಾಗಿಲಲ್ಲೇ ನಿಂತೆ. “ಕಂಬಳಿ ಕೊಡ್ರೋ!” ಎಂದು ಅವಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಮಂಜುಳಾಳ ಗಂಡ ಸಿದ್ದರಾಜು ಹುಳುಮನೆಯಿಂದ ಓಡಿಬಂದ. ಕಂಬಳಿ ಸುತ್ತಿ ಜಗುಲಿಗೆ ತಂದು ಮಲಗಿಸಿದರು. ಅವಳ ಕೂದಲಿನಿಂದ ಹಬೆ ಏಳುತ್ತಿತ್ತು. ಲಕ್ಕಿ ಸೊಪ್ಪಿನ ವಾಸನೆ. ಕಣ್ಣು ಅರ್ಧ ತೆರೆದಿತ್ತು, ತುಟಿ ಬಿಳಿಚಿತ್ತು. ಡಾಕ್ಟರಮ್ಮನ ಮಾತು ನೆನಪಾಗಿ ಪಾದ ಮುಟ್ಟಿದೆ.

ಆಗತಾನೇ ಬಿಸಿನೀರು ಹೊಯ್ದ ಮೈ. ಪಾದ ಮಾತ್ರ ಬಾವಿಯ ಕಲ್ಲಿನ ಹಾಗಿತ್ತು. ನಾಡಿ ಹಿಡಿದರೆ ಬೆರಳಿಗೆ ಏನೂ ಸಿಗಲಿಲ್ಲ.

ಫೋನು ಮಾಡಿದೆ. “ಕಾಯಬೇಡಿ, ಇಲ್ಲಿಗೆ ಕರ್ಕೊಂಡು ಬನ್ನಿ, ನಾನು ಬಾಟ್ಲಿ ಹಿಡಿದು ರಸ್ತೆಯಲ್ಲಿ ನಿಂತಿರ್ತೀನಿ” ಎಂದರು ಡಾಕ್ಟರಮ್ಮ. ಊರಬಾಗಿಲಿನಿಂದ ಜೀಪು ತರಿಸಿದೆವು; ಅದರ ಹಿಂದೆ ಯಂತ್ರ ಇತ್ತಲ್ಲ. ಅದನ್ನು ಬಿಚ್ಚಲು ಡ್ರೈವರನೂ ಸಿದ್ದರಾಜುವೂ ಹೆಣಗಾಡಿದರು. ಕೊನೆಗೆ ಹೇಗೋ ಕಿತ್ತು ಬೇಲಿಯ ಪಕ್ಕಕ್ಕೆ ತಳ್ಳಿದರು. ಅದು ಇದ್ದ ಜಾಗದಲ್ಲಿ ಮಂಜುಳಾಳನ್ನು ಮಲಗಿಸಿದೆವು. ಸೀಮೆಎಣ್ಣೆಯಂಥ ಆ ವಾಸನೆಯ ನಡುವೆ ದೊಡ್ಡತಾಯಮ್ಮ ಸೊಸೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಾ ಕೂತರು.

“ಬಿಸಿನೀರೇ ಉಯ್ದೆ ಸಾ. ಕೈಯಿ ಸುಡಂಗಿತ್ತು. ಯಾಕ್ ಸಾ ಕಾಲು ತಣ್ಗದೆ? ಯೋಳಿ ಸಾ, ಯಾಕೆ?”

ನಾನು ಡ್ರೈವರನಿಗೆ ಇನ್ನೂ ಜೋರಾಗಿ ಓಡಿಸು ಎಂದೆ.

ಡಾಕ್ಟರಮ್ಮ ಹೇಳಿದ ಹಾಗೆಯೇ ರಸ್ತೆಯಲ್ಲಿ ನಿಂತಿದ್ದರು. ಅಲ್ಲೇ ಸೂಜಿ ಚುಚ್ಚಿ, ಸಲೈನ್ ಹಾಕಿ, ತಾವೂ ಜೀಪು ಹತ್ತಿದರು. ಬಾಟಲಿಯನ್ನು ಎತ್ತಿ ಹಿಡಿಯುವ ಕೆಲಸ ನನ್ನದಾಯಿತು. ನಂಜನಗೂಡು ಹತ್ತಿರವಾದಂತೆ ಗಾಡಿ ತೆವಳತೊಡಗಿತು. ಸೋಮವಾರ, ದೇವಸ್ಥಾನಕ್ಕೆ ಬಂದವರ ಕಾರು, ಟೆಂಪೋ, ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ನಡೆದು ಬರುವ ಜನ. ಸಿದ್ದರಾಜು ಬಾಗಿಲಿನಿಂದ ಅರ್ಧ ಮೈ ಹೊರಗೆ ಚಾಚಿ, “ಜಾಗ ಬುಡ್ರಪ್ಪೋ, ಜೀವ ಅದೆ, ಇನ್ನೂ ಜೀವ ಅದೆ” ಎಂದು ಕೂಗುತ್ತಿದ್ದ. ಆ ‘ಇನ್ನೂ’ ಎಂಬುದು ನನ್ನನ್ನು ಇವತ್ತಿಗೂ ಎಬ್ಬಿಸಿ ಕೂರಿಸುತ್ತದೆ. ನಾನು ಬಾಟಲಿಯ ಹನಿಯನ್ನೇ ನೋಡುತ್ತಿದ್ದೆ. ಮಂಜುಳಾಳ ಮುಖ ನೋಡಲು ಆಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕೂಡಲೇ ಒಳಗೆ ತೆಗೆದುಕೊಂಡರು. ಸಿದ್ದರಾಜು ಫೋನು ಹಿಡಿದು ಮೈಸೂರಿನ ನೆಂಟರಿಗೆಲ್ಲ ಪ್ಲೇಟ್ಲೆಟ್ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದ. ಡಾಕ್ಟರಮ್ಮ ಅವನ ಭುಜ ಹಿಡಿದು ಕೂರಿಸಿದರು.

“ಈಗ ಬೇಕಿರೋದು ಪ್ಲೇಟ್ಲೆಟ್ ಅಲ್ಲಪ್ಪ, ನೀರು. ರಕ್ತನಾಳದೊಳಗಿನ ನೀರೆಲ್ಲ ಸೋರಿ ಹೊಟ್ಟೆ, ಎದೆ ಸೇರ್ಕೊಂಡಿದೆ. ಕಾಲಿಗೆ ರಕ್ತ ಹೋಗ್ತಿಲ್ಲ, ಅದಕ್ಕೇ ತಣ್ಣಗಿರೋದು. ಆ ನೀರನ್ನ ಅಳೆದು ಅಳೆದು ತುಂಬಿಸ್ತಿದ್ದಾರೆ. ಕಮ್ಮಿಯಾದ್ರೂ ಕಷ್ಟ, ಜಾಸ್ತಿಯಾದ್ರೂ ಕಷ್ಟ. ಅವಳಿಗೆ ಉಚ್ಚೆ ಬಂತು ಅಂದ್ರೆ ನಾವು ಗೆದ್ದಂಗೆ.”

ವರಾಂಡದ ಬೆಂಚಿನ ಮೇಲೆ ದೊಡ್ಡತಾಯಮ್ಮ, ಸಿದ್ದರಾಜು, ನಾನು ಮೂವರೂ ಉಚ್ಚೆಗಾಗಿ ಕಾಯುತ್ತಾ ಕೂತೆವು. ನಾನು ಓದಿದ ಯಾವ ಪುಸ್ತಕದಲ್ಲೂ ಆ ಕಾಯುವಿಕೆ ಇರಲಿಲ್ಲ. ಬಹಳ ಹೊತ್ತಾದ ಮೇಲೆ ನರ್ಸ್ ಬಂದು ದೊಡ್ಡತಾಯಮ್ಮನ ಕಿವಿಯಲ್ಲಿ ಏನೋ ಹೇಳಿದರು. ಮುದುಕಿ ಎದ್ದು ನಿಂತು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ, “ಉಚ್ಚೆ ಉಯ್ದ್ಲಂತೆ ಕಣ್ಲಾ ಸಿದ್ರಾಜಾ!” ಎಂದು ಕೂಗಿದರು. ಯಾರೋ ನಕ್ಕರು. ಸಿದ್ದರಾಜು ಅತ್ತ. ನನ್ನ ಬಲಗೈ ಇನ್ನೂ ಬಾಟಲಿ ಹಿಡಿದ ಹಾಗೇ ಮಡಚಿಕೊಂಡಿತ್ತು.

ಮಂಜುಳಾ ಮನೆಗೆ ಬಂದಳು. ಕತೆ ಅಲ್ಲಿಗೆ ಮುಗಿಯಲಿಲ್ಲ. ಅತ್ತೆ ನೀರು ಹುಯ್ದು ಸೊಸೆಯನ್ನು ತೆಗೆಯಲು ನೋಡಿದಳು ಎಂಬ ಮಾತು ಬೀದಿಯಲ್ಲಿ ಹುಟ್ಟಿತ್ತು. ನಲ್ಲಿಯ ಹತ್ತಿರ ದೊಡ್ಡತಾಯಮ್ಮ ಬಂದರೆ, “ನೀರು ಬಿಸಿ ಅದಾ ತಣ್ಗದಾ ನೋಡ್ಕಂಡು ಇಡ್ಕಳಕ್ಕಾ” ಎಂದು ಹೆಂಗಸರು ಕುಟುಕುತ್ತಿದ್ದರಂತೆ. ಅವರು ನೀರಿಗೆ ಬರುವುದನ್ನೇ ಬಿಟ್ಟರು. ನಾಗರತ್ನ ಇದನ್ನು ಡಾಕ್ಟರಮ್ಮನಿಗೆ ಹೇಳಿದಳು. ಒಂದು ಬೆಳಗ್ಗೆ ಡಾಕ್ಟರಮ್ಮ ನೀರು ಬರುವ ದಿನ ನೋಡಿಕೊಂಡು ನಲ್ಲಿಯ ಕಟ್ಟೆಗೇ ಬಂದರು. ದೊಡ್ಡತಾಯಮ್ಮನನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲರೆದುರು ಹೇಳಿದರು.

“ಸ್ನಾನದಿಂದ ಬಂದ ಕಾಯಿಲೆ ಅಲ್ಲ ಇದು. ಒಳಗೆ ಆಗಲೇ ಸೋರ್ತಿತ್ತು. ಬಿಸಿನೀರು ಬಿದ್ದು ತಲೆ ಸುತ್ತಿತು. ನೀರು ಹಾಕದೇ ಇದ್ದಿದ್ರೆ ಜ್ವರ ಬಿಟ್ಟಿದೆ, ಮಲಗಲಿ ಅಂತ ಕದ ಹಾಕ್ಕೊಂಡು ನೀವೆಲ್ಲ ಕೆಲಸಕ್ಕೆ ಹೋಗ್ತಿದ್ರಿ. ಆಮೇಲೆ ಯಾರು ನೋಡ್ತಿದ್ರು?”

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಆ ಸ್ನಾನ ಅವಳನ್ನು ಕೊಲ್ಲಹೊರಟಿತ್ತೇ, ಚೊಂಬು ಬೀಳಿಸಿ ನಮ್ಮನ್ನು ಕರೆಯಿತೇ? ತೀರ್ಮಾನಕ್ಕೆ ಬರಲು ಆಗಿಲ್ಲ.

ದೊಡ್ಡತಾಯಮ್ಮ ಡಾಕ್ಟರಮ್ಮನ ಕಡೆ ತಿರುಗಿದರು.

“ಉಳ ಜರದಿಂದ ಎದ್ದಾಗ ನಾವು ಕಾಯ್ತೀವಿ ತಾಯಿ. ಎದ್ದವಲ್ಲಾ ಅಂತ ಸೊಪ್ಪು ಎಸೆಯಕಿಲ್ಲ. ಉಳಕ್ಕೆ ಕಾಯದು ಗೊತ್ತಿತ್ತು ನಂಗೆ. ಮನ್ಸರ್ಗೆ ಕಾಯ್ಬೇಕು ಅಂತ ಯಾರೂ ಯೋಳ್ನಿಲ್ಲ.”

ಆ ಮಾತು ನಲ್ಲಿಯ ಕಟ್ಟೆಯಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಅಲ್ಲಿ ಮುಕ್ಕಾಲು ಪಾಲು ರೇಷ್ಮೆ ಸಾಕುವವರೇ.

ನಮ್ಮ ಕೆಲಸದ ರೀತಿ ಬದಲಾದದ್ದು ಅಲ್ಲಿಂದ. ಮೇಲಿನವರು ‘ಜ್ವರ ಬಿಟ್ಟಾಗ ಸ್ನಾನ ಮಾಡಿಸಬಾರದು’ ಎಂದು ಕರಪತ್ರ ಹಾಕಿಸೋಣ ಎಂದರು. ಡಾಕ್ಟರಮ್ಮ ಒಪ್ಪಲಿಲ್ಲ. ಬೇಡ ಎಂದರೆ ಬಾಗಿಲು ಹಾಕಿಕೊಂಡು ಮಾಡಿಸುತ್ತಾರೆ, ಮೂರನೇ ದಿನಕ್ಕೆ ಮಾಡಿಸಿ ಎನ್ನೋಣ ಎಂದರು. ಜ್ವರ ಇಳಿದು ಎರಡು ದಿನ ಕಳೆಯಲಿ, ಅಲ್ಲಿಯವರೆಗೆ ದಿನವೂ ಬಂದು ತೋರಿಸಲಿ, ಗಂಜಿ, ಎಳನೀರು, ಓಆರ್‌ಎಸ್ ಕುಡಿಯಲಿ, ಉಚ್ಚೆ ಸರಿಯಾಗಿ ಬರುತ್ತಿರಲಿ. ಮೂರನೇ ದಿನ ನಾಗರತ್ನ ಬಂದು ಪಾದ ಮುಟ್ಟಿ ಹೂಂ ಎಂದ ಮೇಲೆ ತಲೆಗೆ ನೀರು. ಜನ ಒಪ್ಪಿದರು. ಪದ್ಧತಿ ಉಳಿಯಿತು, ದಿನ ಮಾತ್ರ ಮುಂದೆ ಹೋಯಿತು. ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ: ಜ್ವರದ ಮನೆಗೆ ಹೋಗಿ, ಆದರೆ ಜ್ವರ ಬಿಟ್ಟ ಮನೆಗೆ ಮೊದಲು ಹೋಗಿ.

ಕಳೆದ ಮಳೆಗಾಲದಲ್ಲಿ ಹದಿನಾರಿಗೆ ಒಂದು ಮದುವೆಗೆ ಹೋಗಿದ್ದೆ. ಊಟವಾದ ಮೇಲೆ ಆ ಹಳ್ಳಿಯನ್ನು ನೋಡಬೇಕೆನಿಸಿ ಆಟೋ ಹತ್ತಿದೆ. ಊರಬಾಗಿಲಲ್ಲಿ ಇಳಿದು ಒಳಬೀದಿಗೆ ತಿರುಗಿದವನೇ ನಿಂತೆ. ನಡುಮಧ್ಯಾಹ್ನ. ದೊಡ್ಡತಾಯಮ್ಮನ ಬಚ್ಚಲ ಮಾಡಿನಿಂದ ಹೊಗೆ. ಅದೇ ಕಡ್ಡಿಯ ವಾಸನೆ.

ಈ ವಯಸ್ಸಿನಲ್ಲಿ ಓಡಬಾರದು. ಓಡಿದೆ.

ದೊಡ್ಡತಾಯಮ್ಮ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಇನ್ನಷ್ಟು ಬಾಗಿದ್ದರು. ಒಳಗೆ ಮಂಜುಳಾ ಯಾರಿಗೋ ನೀರು ಹುಯ್ಯುವ ಸದ್ದು.

“ಯಾರಿಗಮ್ಮಾ? ಯಾರಿಗೆ ಜ್ವರ?” ಉಸಿರು ಸಿಗುತ್ತಿರಲಿಲ್ಲ ನನಗೆ.

“ಅಯ್ಯೋ ಸಿವ್ನೇ, ಸೊಳ್ಳೆ ಸಾ! ಕುಂತ್ಕಳಿ ಮೊದ್ಲು, ನೀವೇ ಬಿದ್ದೋದೀರಿ. ಮೊಮ್ಮಗಳ್ಗೆ ಡಂಗಿ ಬಂದಿತ್ತು. ಇವತ್ತು ಮೂರ್ನೇ ದಿನ. ನಾಗರತ್ನವ್ವ ಬಂದು ನೋಡ್ಕಂಡು ಓದ್ಳು.”

“ಉಚ್ಚೆ?”

“ಉಯ್ತಾವ್ಳೆ, ಉಯ್ತಾವ್ಳೆ. ಬೆಳಿಗ್ಗೆಯಿಂದ ಅದೇ ಕೆಲ್ಸ. ಎಳನೀರ್ ಕುಡ್ಸಿ ಕುಡ್ಸಿ ಮರವೇ ಕಾಲಿ ಆಯ್ತು” ಎಂದು ನಕ್ಕರು. ಸೊಸೆಗೆ ಕೇಳುವ ಹಾಗೆ, “ಲೇ ಮಂಜುಳಾ, ನಿಮ್ ಸಾಯೇಬ್ರು ನಮ್ಮ ನಂಬಾಕಿಲ್ಲ ಕಣೆ!” ಎಂದರು.

ಮಂಜುಳಾ ಟವೆಲಿನಲ್ಲಿ ಸುತ್ತಿದ ಮಗಳನ್ನು ಎತ್ತಿಕೊಂಡು ಹೊರಗೆ ಬಂದಳು. ಆ ಮಧ್ಯಾಹ್ನ ನಾವು ಜೀಪಿನಲ್ಲಿ ಹೋಗುತ್ತಿದ್ದಾಗ ಈ ಹುಡುಗಿ ಇನ್ನೂ ಹುಟ್ಟಿರಲಿಲ್ಲ. ತಾಯಿ ಮಗಳನ್ನು ನನ್ನ ಪಕ್ಕದಲ್ಲಿ ಜಗುಲಿಯ ಮೇಲೆ ಕೂರಿಸಿ, ಟವೆಲಿನ ಅಂಚು ಸರಿಸಿದಳು.

ಕೂದಲಿನಿಂದ ಹಬೆ ಏಳುತ್ತಿತ್ತು. ನಾನು ಪಾದ ಹಿಡಿದೆ. ಹುಡುಗಿ ಕಚಗುಳಿಯಾಗಿ ಕಾಲು ಎಳೆದುಕೊಂಡಳು. ನಾನು ಇನ್ನೊಮ್ಮೆ ಹಿಡಿದೆ.

ಎರಡು ಪಾದವೂ ಬೆಚ್ಚಗಿದ್ದವು.